ಡಿಫರೆನ್ಷಿಯಲ್ ಎಣ್ಣೆಯೂ ನಮ್ಮ ಮರ್ಯಾದೆಯೂ



'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಹೈಸ್ಕೂಲು ದಾಟಿದವರು ನಿಮ್ಮಲ್ಲಿ ಯಾರೂ ಇರಲಾರರು. ನಾನು ವಿಜ್ಞಾನದ ಮೇಷ್ಟ್ರು. ಆದರೂ ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಜಿನ ಕನ್ನಡ ಪಂಡಿತರು ಉತ್ತರಪತ್ರಿಕೆ ತಿದ್ದುವಾಗ ಚೆನ್ನಾಗಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದುದರಿಂದ ಆ ಗಾದೆಯ ವಿಸ್ತರಣೆಯನ್ನು ನೂರಾರು ಬಾರಿ ಕೇಳಿದ್ದೇನೆ. ಶ್ರಮದ ಮಹಿಮೆಯನ್ನು ನೀವೆಲ್ಲ ಎಷ್ಟು ಸೊಗಸಾಗಿ ಬರೆದಿದ್ದಿರಿ! ಪೂರ್ತಿ ಅಂಕ ಪಡೆದವರೂ ಇದ್ದಿರಿ. ಅದೇ ನೀವು ಈಗ ನಲವತ್ತು, ಐವತ್ತು ದಾಟಿ, ನಾಲ್ಕು ಚಕ್ರಕ್ಕೂ ಬಲ ಹೋಗುವ ದೊಡ್ಡ ದೊಡ್ಡ ಗಾಡಿಗಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಅದರ ಅಡಿಗೆ ಒಮ್ಮೆ ಬಗ್ಗಿ ನೋಡುವುದನ್ನೇ ಅವಮಾನವೆಂದು ತಿಳಿದಿರುವುದನ್ನು ಕಾಣುವಾಗ, ಕೊಟ್ಟ ಅಂಕಗಳನ್ನು ಹಿಂದಕ್ಕೆ ಪಡೆಯುವ ಅವಕಾಶ ಇಲಾಖೆಯ ನಿಯಮಗಳಲ್ಲಿ ಇರಬೇಕಿತ್ತು ಎನಿಸುತ್ತದೆ.

ಮಾತು ಬಂದದ್ದು ಕುಲಶೇಖರದ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಮಳೆಗಾಲಕ್ಕೆ ಮುಂಚೆ ನನ್ನ ಹಳೆಯ ಮಹೀಂದ್ರ ಜೀಪಿನ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳ ಎಣ್ಣೆಯನ್ನು ಮನೆಯಲ್ಲಿ ನಾನೇ ಬದಲಿಸಿದೆ ಎಂದು ಸಹಜವಾಗಿ ಹೇಳಿದೆ. ಎದುರು ಎಲೆಯಲ್ಲಿ ಕುಳಿತಿದ್ದ ನನ್ನ ಹೆಂಡತಿಯ ಅಣ್ಣ, "ಎಂತ ಭಾವ, ಪೆನ್ಶನ್ ಸಾಕಾಗುವುದಿಲ್ಲವಾ?" ಎಂದು ನಕ್ಕರು. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ, ನನ್ನ ತರಗತಿಯಲ್ಲಿ ಸದಾ ಮೊದಲ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಅದಕ್ಕೆಲ್ಲ ಜನ ಇದ್ದಾರೆ. ಈ ವಯಸ್ಸಿನಲ್ಲಿ ನೀವು ಯಾಕೆ ಮೈ ಮಸಿ ಮಾಡಿಕೊಳ್ಳುವುದು?" ಎಂದ. ನಗುವಿಗೆ ನನ್ನ ಆಕ್ಷೇಪವಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಮುಂದೆ ನಿಂತವನಿಗೆ ನಗೆ ಹೊಸದಲ್ಲ. ಆದರೆ 'ಅದಕ್ಕೆಲ್ಲ ಜನ ಇದ್ದಾರೆ' ಎಂಬ ಮಾತು ನನ್ನನ್ನು ಬಿಡಲಿಲ್ಲ. ನಾನಿಲ್ಲಿ ಜಗಳಕ್ಕೆ ನಿಂತಿರುವುದು ಆ ಮಾತಿನ ಮೇಲೆ.

ಮೊದಲಿಗೆ ಆ ವಸ್ತು ಏನೆಂದು ತಿಳಿಯದವರಿಗಾಗಿ ಸ್ವಲ್ಪ ಪಾಠ. ದೇವಸ್ಥಾನದಲ್ಲಿ ಗಂಡ ಹೆಂಡತಿ ಜೊತೆಯಾಗಿ ಪ್ರದಕ್ಷಿಣೆ ಬರುವುದನ್ನು ನೆನಪಿಸಿಕೊಳ್ಳಿ. ಗರ್ಭಗುಡಿಯ ಕಡೆ ಇರುವವರು ನಿಧಾನವಾಗಿ, ಹೊರಗಡೆ ಇರುವವರು ಬೇಗ ಬೇಗ ಹೆಜ್ಜೆ ಹಾಕಬೇಕು. ಇಲ್ಲವಾದರೆ ಕೈ ಬಿಟ್ಟುಹೋಗುತ್ತದೆ. ಗಾಡಿಯ ಎಡ ಬಲ ಚಕ್ರಗಳದೂ ಇದೇ ಕಥೆ. ಎರಡು ಚಕ್ರಗಳ ನಡುವಿನ ಅಂತರ 1.4 ಮೀಟರ್ ಎಂದಿಟ್ಟುಕೊಂಡರೆ, ಒಂದು ಪೂರ್ಣ ಸುತ್ತಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 8.8 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಸುತ್ತು ದೊಡ್ಡದಿರಲಿ ಸಣ್ಣದಿರಲಿ, ವ್ಯತ್ಯಾಸ ಅಷ್ಟೇ. ಪರಿಧಿಯ ಸೂತ್ರ ನೆನಪಿರುವವರು ಲೆಕ್ಕ ಹಾಕಿ ನೋಡಬಹುದು. ಚಾರ್ಮಾಡಿ ಘಾಟಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗುವ ಒಂದೊಂದು ತಿರುವಿನಲ್ಲೂ ಅದರ ಅರ್ಧ, ಅಂದರೆ 4.4 ಮೀಟರ್. ಒಂದೇ ಎಂಜಿನ್ನಿನಿಂದ ಬಲ ಪಡೆಯುವ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಮಾಡಿಕೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. 1820ರ ದಶಕದ ಕೊನೆಯಲ್ಲಿ ಪೆಕರ್ ಎಂಬ ಫ್ರೆಂಚ್ ಗಡಿಯಾರ ತಯಾರಕ ಇದನ್ನು ಉಗಿಗಾಡಿಗಾಗಿ ರೂಪಿಸಿದ. ಗಡಿಯಾರದವನ ಕೈಯಿಂದ ಬಂದದ್ದು ಎಂಬುದನ್ನು ಗಮನಿಸಿ. ಸಾಮಾನ್ಯ ಕಾರಿಗೆ ಇಂಥದ್ದು ಒಂದು ಸಾಕು; ಜೀಪಿಗೆ ಹಿಂದೊಂದು, ಮುಂದೊಂದು ಬೇಕು.

ನಮ್ಮ ಗ್ಯಾರೇಜುಗಳಲ್ಲಿ 'ಕ್ರೌನ್' ಎಂದು ಕರೆಯುವ ದೊಡ್ಡ ಹಲ್ಲುಚಕ್ರವೂ ಅದನ್ನು ತಿರುಗಿಸುವ ಪಿನಿಯನ್ನೂ ಆ ಕಬ್ಬಿಣದ ಗುಂಡಗಿನ ಹೌಸಿಂಗ್ ಒಳಗೆ ಎಣ್ಣೆಯಲ್ಲಿ ಮುಳುಗಿಕೊಂಡು ತಿರುಗುತ್ತವೆ. ಇವುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರೀ ಒತ್ತಡದಲ್ಲಿ ಜಾರುತ್ತವೆ ಕೂಡ. ಸಾಮಾನ್ಯ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕಾಗಿಯೇ ಗೇರ್ ಆಯಿಲಿನಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಲೋಹದ ಮೈ ಬಿಸಿಯಾದಲ್ಲಿ ಇವು ಅಲ್ಲೇ ಒಂದು ರಕ್ಷಣೆಯ ಪದರವನ್ನು ಕಟ್ಟುತ್ತವೆ. ಡಬ್ಬದ ಮುಚ್ಚಳ ತೆಗೆದೊಡನೆ ಮೂಗಿಗೆ ಬಡಿಯುವ ಆ ಘಾಟು ಗಂಧಕದ್ದು. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುವುದು ಸುಮ್ಮನೆ ಅಲ್ಲ. ಜಿಎಲ್-5ರಲ್ಲಿ ಈ ಸಂಯುಕ್ತಗಳು ಹೆಚ್ಚು. ಅದು ಡಿಫರೆನ್ಷಿಯಲ್‌ಗೆ ಹಿತ, ಆದರೆ ಕೆಲವು ಗೇರ್‌ಬಾಕ್ಸುಗಳ ಒಳಗಿನ ಹಿತ್ತಾಳೆಯ ಭಾಗಗಳಿಗೆ ಅಹಿತ. 'ಎಲ್ಲಾ ಒಂದೇ ಆಯಿಲ್' ಎಂದು ಹೇಳುವವರ ಮಾತನ್ನು ನಂಬದೆ ಗಾಡಿಯ ಜೊತೆ ಕೊಟ್ಟ ಪುಸ್ತಕವನ್ನು ತೆರೆದು ನೋಡಿ. ಆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಿಂದಲೇ ಹೊರಗೆ ತೆಗೆಯದ ಪದವೀಧರರನ್ನು ನಾನು ಬಲ್ಲೆ.

ಇನ್ನು ನಮ್ಮ ಊರಿಗೆ ಬರೋಣ. ಘಟ್ಟದ ಮೇಲಿನ ಒಣ ಸೀಮೆಯವರು ಈ ಎಣ್ಣೆಯನ್ನು ಮರೆತರೂ ಕೆಲವು ಕಾಲ ನಡೆದೀತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಂಗಳೂರಿನವರಿಗೆ ಆ ಸೌಲಭ್ಯವಿಲ್ಲ. ಜುಲೈ ತಿಂಗಳ ಒಂದು ದೊಡ್ಡ ಮಳೆಗೆ ಪಡೀಲಿನ ರೈಲ್ವೆ ಸೇತುವೆಯ ಅಡಿ, ಕೊಟ್ಟಾರಚೌಕಿ, ಪಂಪ್‌ವೆಲ್ ಎಲ್ಲವೂ ಕೆರೆಯಾಗುವುದನ್ನು ನೀವು ನೋಡಿದ್ದೀರಿ. ಆಗ ಎತ್ತರದ ಗಾಡಿಯವರಿಗೆ ಒಂದು ಹುಮ್ಮಸ್ಸು. ಚಿಕ್ಕ ಕಾರಿನವರು ನಿಂತು ನೋಡುತ್ತಿರುವಂತೆ ನೀರು ಸೀಳಿಕೊಂಡು ದಾಟುತ್ತಾರೆ. ದಾಟಲಿ. ಆದರೆ ಆ ಕ್ಷಣದಲ್ಲಿ ಅಡಿಯಲ್ಲಿ ಏನಾಗುತ್ತದೆ? ಓಡಿ ಓಡಿ 80 ಡಿಗ್ರಿಯಷ್ಟು ಬಿಸಿಯಾದ ಹೌಸಿಂಗ್ 25 ಡಿಗ್ರಿಯ ನೀರಿನಲ್ಲಿ ಮುಳುಗುತ್ತದೆ. ಒಳಗಿನ ಗಾಳಿ ತಣಿಯುತ್ತದೆ. ಅನಿಲ ನಿಯಮವನ್ನು ನೆನಪಿಸಿಕೊಳ್ಳಿ. ಕೆಲ್ವಿನ್‌ಗೆ ಪರಿವರ್ತಿಸಲು ಮರೆಯಬೇಡಿ. ಗಾಳಿ ಪೂರ್ತಿ ತಣಿದರೆ ಅದರ ಒತ್ತಡ ಹತ್ತಿರ ಹತ್ತಿರ ಆರರಲ್ಲಿ ಒಂದು ಪಾಲು ಕುಸಿಯುತ್ತದೆ. ಒಳಗೂ ಹೊರಗೂ ಗಾಳಿಯನ್ನು ಸರಿದೂಗಿಸಲೆಂದು ಹೌಸಿಂಗ್ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗೊಳವೆ ಇರುತ್ತದೆ. ಅದು ಕೆಸರು ಕಟ್ಟಿ ಮುಚ್ಚಿದ್ದರೆ ಹೌಸಿಂಗ್ ಆಕ್ಸಲಿನ ಸೀಲುಗಳ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಗೊಳವೆಯ ಬಾಯಿಯೇ ನೀರಿನಲ್ಲಿ ಮುಳುಗಿದ್ದರಂತೂ ನೇರವಾಗಿಯೇ ಕುಡಿಯುತ್ತದೆ. ಹಾಗೆ ಹೋದ ನೀರು ತಾನಾಗಿ ಹೊರಗೆ ಬರುವುದಿಲ್ಲ. ಎಣ್ಣೆಯೊಡನೆ ಕಡೆದು ಕಡೆದು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಚಹಾದಲ್ಲಿ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಹೊರಗಿನಿಂದ ನೋಡಿದರೆ ಗಾಡಿ ಫಳಫಳ ಹೊಳೆಯುತ್ತಿರುತ್ತದೆ. ಐದಾರು ತಿಂಗಳ ಮೇಲೆ ಹಿಂದಿನಿಂದ 'ಊಂ' ಎಂಬ ಒಂದು ಗೋಳು ಕೇಳತೊಡಗಿದಾಗ ಮಾಲೀಕರು ಟೇಪಿನ ಸದ್ದು ಹೆಚ್ಚಿಸಿಕೊಳ್ಳುತ್ತಾರೆ.

'ಅದಕ್ಕೆಲ್ಲ ಜನ ಇದ್ದಾರೆ' ಎಂದು ನಂಬಿ ಕುಳಿತವರ ಗತಿ ಏನಾಗುತ್ತದೆ ಎಂಬುದಕ್ಕೆ ನನ್ನ ಅಕ್ಕನ ಮಗನ ಪ್ರಸಂಗವೇ ಇದೆ. ಅವನು ವಾರಕ್ಕೊಮ್ಮೆ ಬೆಳ್ತಂಗಡಿ ಕಡೆಯ ತೋಟಕ್ಕೆ ಎರಡು ಹಳ್ಳ ದಾಟಿಕೊಂಡು ಹೋಗುವವನು. ಒಂದು ಮಳೆಗಾಲ ಮುಗಿದ ಮೇಲೆ ಸರ್ವಿಸಿಗೆ ಕೊಟ್ಟು, ಬಿಲ್ಲು ತಂದು ನನಗೆ ತೋರಿಸಿದ: ಮುಂದಿನ ಡಿಫರೆನ್ಷಿಯಲ್ ಎಣ್ಣೆ, ಹಿಂದಿನ ಡಿಫರೆನ್ಷಿಯಲ್ ಎಣ್ಣೆ, ಎರಡಕ್ಕೂ ಎಣ್ಣೆಯ ಬೆಲೆ ಬೇರೆ, ಕೂಲಿ ಬೇರೆ. "ನೋಡು ಮಾವ, ನಾನು ಎಲ್ಲ ಸರಿಯಾಗಿ ಮಾಡಿಸಿದ್ದೇನೆ" ಎಂದ. ನಾನು ಒಂದು ಗೋಣಿ ಹಾಸಿ ಗಾಡಿಯ ಅಡಿಗೆ ಹೋದೆ. ಮುಂದಿನ ಹೌಸಿಂಗಿನ ಎರಡೂ ಬೋಲ್ಟುಗಳ ಮೇಲೆ ತೋಟದ ಕೆಂಪು ಮಣ್ಣು ಒಣಗಿ ಹಪ್ಪಳದಂತೆ ಕಟ್ಟಿಕೊಂಡಿತ್ತು. ಸ್ಪ್ಯಾನರ್ ಮುಟ್ಟಿದ ಬೋಲ್ಟಿನ ಮೇಲೆ ಒಂದು ತಿಂಗಳ ಹಳೆಯ ಮಣ್ಣು ಉಳಿಯುವುದು ಯಾವ ನಿಯಮದ ಪ್ರಕಾರವೂ ಸಾಧ್ಯವಿಲ್ಲ. ಅವನನ್ನೂ ಅಡಿಗೆ ಕರೆದು ತೋರಿಸಿ, ಅವನ ಕೈಯಿಂದಲೇ ಬೋಲ್ಟು ಬಿಚ್ಚಿಸಿದೆ. ಬಂದದ್ದು ಅದೇ ಚಹಾ. ಸರ್ವಿಸಿನವರ ಬಳಿ ಹೋಗಿ ಕೇಳಿದಾಗ 'ಹುಡುಗರು ಮರೆತಿರಬೇಕು' ಎಂದು ಹಣ ಹಿಂತಿರುಗಿಸಿದರಂತೆ. ಮರೆಯಲಿ. ಹುಡುಗರು ಮರೆತದ್ದನ್ನು ಬಿಲ್ಲು ಬರೆಯುವ ಯಂತ್ರ ಮಾತ್ರ ಮರೆಯಲಿಲ್ಲ.

ಇದನ್ನು ಹೇಳಿದ್ದು ಮೆಕ್ಯಾನಿಕರನ್ನು ಕಳ್ಳರೆನ್ನುವುದಕ್ಕಲ್ಲ. ಕಳಸ, ಸಂಸೆ ಕಡೆ ಬಾಡಿಗೆ ಜೀಪು ಓಡಿಸುವವರ ಗಾಡಿಗಳನ್ನು ನೋಡಿಕೊಳ್ಳುವ, ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು ಸದ್ದು ಕೇಳಿಯೇ ಪಿನಿಯನ್ ಬೇರಿಂಗು ಹೋಗಿದೆಯೋ ಚಕ್ರದ ಬೇರಿಂಗು ಹೋಗಿದೆಯೋ ಹೇಳುತ್ತಾರೆ. ಅವರ ಕಿವಿಗೆ ನಾನು ಕೈ ಮುಗಿಯುತ್ತೇನೆ. ನನ್ನ ತಕರಾರು ಇರುವುದು ಗಾಡಿಯ ಮಾಲೀಕನೊಡನೆ. ತನ್ನ ಗಾಡಿಯಲ್ಲಿ ಯಾವುದು ಎಲ್ಲಿದೆ ಎಂಬುದೇ ತಿಳಿಯದ, ತಿಳಿಯುವುದು ತನ್ನ ಯೋಗ್ಯತೆಗೆ ಕಡಿಮೆ ಎಂದುಕೊಂಡವನಿಗೆ ಮೋಸ ಮಾಡಲು ಮಹಾ ಕಳ್ಳನೇ ಬೇಕಿಲ್ಲ. ಸಂಜೆಯೊಳಗೆ ಹತ್ತು ಗಾಡಿ ಮುಗಿಸಬೇಕೆಂಬ ಒತ್ತಡದಲ್ಲಿರುವ ಸೋಮಾರಿಯೊಬ್ಬ ಸಾಕು. ಒಮ್ಮೆ ತಾನೇ ಮಾಡಿದವನು ಮುಂದೆ ಬೇರೆಯವರಿಂದ ಮಾಡಿಸಿದರೂ ಯಾವ ಪ್ರಶ್ನೆ ಕೇಳಬೇಕೆಂದು ತಿಳಿದಿರುತ್ತಾನೆ. 'ಹಳೆಯ ಎಣ್ಣೆ ಯಾವ ಬಣ್ಣದಲ್ಲಿತ್ತು?' ಎಂಬ ಒಂದೇ ಪ್ರಶ್ನೆ ಸಾಕು, ಎದುರಿನವನು ನೆಟ್ಟಗೆ ನಿಲ್ಲುತ್ತಾನೆ.

ಕೆಲಸ ಎಷ್ಟು ಕಷ್ಟ? ಅಡುಗೆ ಮನೆಯಲ್ಲಿ ಹಲಸಿನ ಹಪ್ಪಳ ಮಾಡುವುದು ಇದಕ್ಕಿಂತ ಹತ್ತು ಪಟ್ಟು ಕಷ್ಟದ ವಿದ್ಯೆ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ಎಣ್ಣೆ ಬೆಚ್ಚಗಿರುವಾಗ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಮುಂದೂ ಹಿಂದೂ ಮರದ ತುಂಡು ಕೊಡಿ. ಜೀಪಿನಂಥ ಎತ್ತರದ ಗಾಡಿಯ ದೊಡ್ಡ ಅನುಕೂಲವೆಂದರೆ ಜಾಕ್ ಏರಿಸುವ ಅಗತ್ಯವೇ ಬೀಳುವುದಿಲ್ಲ, ನೆಲದ ಮೇಲಿದ್ದಂತೆಯೇ ಅಡಿಗೆ ಹೋಗಬಹುದು. ಹೌಸಿಂಗಿನಲ್ಲಿ ಎರಡು ಬೋಲ್ಟುಗಳು: ಪಕ್ಕದಲ್ಲಿ ತುಸು ಎತ್ತರದಲ್ಲಿ ತುಂಬಿಸುವುದು, ಅಡಿಯಲ್ಲಿ ಬರಿದು ಮಾಡುವುದು. ಸುತ್ತಲಿನ ಮಣ್ಣನ್ನು ತಂತಿಯ ಬ್ರಶ್ಶಿನಿಂದ ಚೆನ್ನಾಗಿ ತೆಗೆಯಬೇಕು, ಇಲ್ಲದಿದ್ದರೆ ಅದೇ ಮಣ್ಣು ಒಳಗೆ ಹೋಗುತ್ತದೆ. ಈಗ ಮುಖ್ಯವಾದ ಮಾತು. ಮೊದಲು ಬಿಚ್ಚಬೇಕಾದದ್ದು ಮೇಲಿನ ಬೋಲ್ಟನ್ನು. ಅದು ತುಕ್ಕು ಹಿಡಿದು ಏಳದೆ ಹೋದರೆ ಅಲ್ಲಿಗೇ ನಿಲ್ಲಿಸಿ, ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಅಡಿಯದನ್ನು ಮೊದಲು ಬಿಚ್ಚಿ ಎಣ್ಣೆಯನ್ನೆಲ್ಲ ಸುರಿದು, ಆಮೇಲೆ ಮೇಲಿನದು ಏಳಲಿಲ್ಲವೆಂದರೆ ಗಾಡಿ ಕದಲುವಂತಿಲ್ಲ. ಕಾರ್ಯಕಾರಣ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಇರಲಿಲ್ಲ.

ಬಳಿಕ ಅಗಲ ಬಾಯಿಯ ಪಾತ್ರೆಯಿಟ್ಟು ಅಡಿಯ ಬೋಲ್ಟು ಬಿಚ್ಚಿ, ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ. ನಾನು ಒಂದು ಅಡಿಕೆ ಹಾಳೆಯನ್ನು ದೋಣಿಯಂತೆ ಮಡಚಿ ಕೊಡುತ್ತೇನೆ, ಹನಿಯೂ ಆಚೀಚೆ ಹೋಗುವುದಿಲ್ಲ. ಅನೇಕ ಗಾಡಿಗಳಲ್ಲಿ ಈ ಬೋಲ್ಟಿನ ತುದಿಗೆ ಒಂದು ಅಯಸ್ಕಾಂತ ಇರುತ್ತದೆ. ಅದಕ್ಕೆ ಕಾಡಿಗೆಯಂತಹ ನುಣ್ಣನೆಯ ಲೇಪ ಅಂಟಿದ್ದರೆ ಅದು ಸಹಜ ಸವೆತ, ಹೆದರಬೇಕಾಗಿಲ್ಲ. ಚೂರುಗಳೋ ಹಲ್ಲಿನ ತುಂಡೋ ಸಿಕ್ಕಿದರೆ ಮಾತ್ರ ಗ್ಯಾರೇಜಿನ ದಾರಿ ಹಿಡಿಯಬೇಕು. ಈ ಒಂದು ನೋಟಕ್ಕಾಗಿಯಾದರೂ ನೀವೇ ಮಾಡಬೇಕು ಎನ್ನುತ್ತೇನೆ. ರಕ್ತಪರೀಕ್ಷೆಯ ವರದಿಯನ್ನು ಓದದೆ ಔಷಧಿ ನುಂಗುವವರುಂಟೇ? ಹೊಸ ವಾಷರ್ ಹಾಕಿ ಅಡಿಯ ಬೋಲ್ಟು ಬಿಗಿದು, ಕೈಪಂಪಿನಿಂದ ಮೇಲಿನ ರಂಧ್ರದ ಮೂಲಕ ಹೊಸ ಎಣ್ಣೆ ತುಂಬಬೇಕು. ಎಷ್ಟು? ರಂಧ್ರದ ಅಂಚಿನವರೆಗೆ ಬಂದು ಹೊರಗೆ ಜಿನುಗುವಷ್ಟು. ಅಳತೆಯ ಕಡ್ಡಿ ಬೇಡ, ರಂಧ್ರವೇ ಅಳತೆ. ಬ್ರೀದರನ್ನು ಬಿಚ್ಚಿ ಸ್ವಚ್ಛ ಮಾಡಿ, ಊದಿ ನೋಡಿ ಮತ್ತೆ ಹಾಕಿದರೆ ಮುಗಿಯಿತು. ಕೆಲವು ಗಾಡಿಗಳಲ್ಲಿ ಅಡಿಯ ಬೋಲ್ಟೇ ಇಲ್ಲದೆ ಹಿಂದಿನ ಮುಚ್ಚಳವನ್ನು ಬಿಚ್ಚಬೇಕಾಗುತ್ತದೆ. ಅದು ತುಸು ಹೆಚ್ಚಿನ ಕೆಲಸ. ಸುಳ್ಯದ ಕಡೆ ಮದುವೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತೋಟದ ಜೀಪಿಗೆ ಇದನ್ನೂ ತಾನೇ ಮಾಡುತ್ತಾಳೆ. ಅವಳು ಓದಿದ ಕಾಲದಲ್ಲಿ ಹುಡುಗಿಯರಿಗೆ ಹೊಲಿಗೆ ಮಾತ್ರ ಇತ್ತು.

ಹಾಗಾದರೆ ಇಷ್ಟು ಸರಳವಾದದ್ದನ್ನು ಓದಿದವರು ಏಕೆ ಮುಟ್ಟುವುದಿಲ್ಲ? ಕಷ್ಟವೆಂದು ಅಲ್ಲ, ಕೀಳೆಂದು. ನಮ್ಮಲ್ಲಿ ವಿದ್ಯೆ ಎಂದರೆ ಕೈ ಶುಭ್ರವಾಗಿ ಉಳಿಯುವುದು ಎಂಬ ಅರ್ಥ ಬಹಳ ಹಳೆಯದು. ಯಾರ ಕೈ ಶುಭ್ರವಾಗಿರಬೇಕು, ಯಾರದು ಮಸಿಯಾಗಬೇಕು ಎಂಬುದನ್ನು ಹುಟ್ಟಿನಿಂದಲೇ ಹಂಚಿಕೊಟ್ಟ ಸಮಾಜ ನಮ್ಮದು. 'ಅದಕ್ಕೆಲ್ಲ ಜನ ಇದ್ದಾರೆ' ಎಂಬ ಮಾತಿನಲ್ಲಿ ಆ 'ಜನ' ಯಾರು ಎಂದು ಒಮ್ಮೆ ಕೇಳಿಕೊಳ್ಳಿ. ಇದನ್ನು ಶಾಲೆಯ ಮೂಲಕ ಅಳಿಸಬೇಕೆಂದು ಹೊರಟವರು ಇಲ್ಲದಿರಲಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನೂ ಕಲಿಸಬೇಕೆಂದು ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದ ಹೆಸರು ಕೊಟ್ಟಿತು. ಬಿ.ಎಡ್. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿ ಪುಟಗಟ್ಟಲೆ ಬರೆದವರು ನಾವು. ನಾನು ಹುಡುಗನಾಗಿದ್ದಾಗ ಕ್ರಾಫ್ಟ್ ಪೀರಿಯಡ್ಡಿನಲ್ಲಿ ತಕಲಿ ತಿರುಗಿಸುತ್ತಿದ್ದೆವು. ಮುಂದೆ ಶಾಲೆಗಳ ವೇಳಾಪಟ್ಟಿಯಲ್ಲಿ ಆ ಪೀರಿಯಡ್ಡು ಗಣಿತದ ಪಾಠ ಮುಗಿಯದಿದ್ದರೆ ಕಡ ತೆಗೆದುಕೊಳ್ಳಲು ಇಟ್ಟ ಮೀಸಲು ನಿಧಿಯಾಯಿತು. ಕಡ ತೀರಿದ್ದನ್ನು ಯಾರೂ ನೋಡಿಲ್ಲ.

ವಿಚಿತ್ರವೆಂದರೆ ಈ ನಗರ ಕಟ್ಟಿದ್ದೇ ಕೈ ಮಸಿಯಾದವರಿಂದ. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಜೇಡಿಯಿಂದ ಯಂತ್ರದ ಹೆಂಚು ತಯಾರಿಸಲು ಹೊರಟ ಪ್ಲೆಬ್‌ಸ್ಟ್ ಬಾಸೆಲ್ ಮಿಷನ್ನಿನ ಪಾದ್ರಿ. ಬೈಬಲ್ಲಿನೊಡನೆ ಜೇಡಿಮಣ್ಣನ್ನೂ ಹಿಡಿದ ಕೈ ಅದು. ವಿ. ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್‌ನಲ್ಲಿ ಲಾರಿ, ಬಸ್ಸುಗಳ ಲೀಫ್ ಸ್ಪ್ರಿಂಗುಗಳು ತಯಾರಾದವು. ಕದ್ರಿಯಲ್ಲಿ ಪಾಲಿಟೆಕ್ನಿಕ್ ಆರಂಭವಾದದ್ದು 1946ರಲ್ಲಿ, ದೇಶ ಸ್ವತಂತ್ರವಾಗುವ ಮುಂಚೆ, ಈಗ ಕೆ.ಪಿ.ಟಿ. ಎಂದರೆ ಹೆಚ್ಚಿನವರಿಗೆ ಟ್ರಾಫಿಕ್ ನಿಲ್ಲುವ ಒಂದು ಜಂಕ್ಷನ್. ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಬಾಲಪ್ರಪಂಚದ ಮೂರು ಸಂಪುಟಗಳನ್ನು ಹೊರತಂದರು. ಪ್ರಪಂಚ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯುವ ಹಕ್ಕು ಕನ್ನಡದ ಮಗುವಿಗೂ ಇದೆ ಎಂದು ನಂಬಿದವರು ಅವರು. ಅವರ ಜಿಲ್ಲೆಯ ಇಂಜಿನಿಯರಿಂಗ್ ಪದವೀಧರನೊಬ್ಬ ತನ್ನದೇ ಗಾಡಿಯ ಡಿಫರೆನ್ಷಿಯಲ್ ಎಲ್ಲಿದೆ ಎಂದು ತೋರಿಸಲಾರದೆ ನನ್ನ ಮುಂದೆ ನಿಂತಿದ್ದ. ಪರೀಕ್ಷೆಯಲ್ಲಿ ಅದರ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿದ್ದನಂತೆ!

ಈಗ ಮೊದಲ ಬೆಂಚಿನವನ ಇನ್ನೊಂದು ವಾದ. ಅವನು ಆಮೇಲೆ ಫೋನು ಮಾಡಿ ಸಾವಧಾನವಾಗಿ ಹೇಳಿದ: "ಸರ್, ನನ್ನ ಒಂದು ಗಂಟೆಯ ಸಂಬಳ ಆ ಕೂಲಿಗಿಂತ ಹೆಚ್ಚು. ನಾನು ಮಾಡಿದರೆ ನಷ್ಟ." ಲೆಕ್ಕ ಸರಿಯಾಗಿದೆ. ಆದರೆ ಭಾನುವಾರ ಬೆಳಿಗ್ಗೆಯ ಗಂಟೆಗೆ ಅವನಿಗೆ ಸಂಬಳ ಕೊಡುವವರು ಯಾರು? ಆ ಹೊತ್ತಿನಲ್ಲಿ ಅವನು ಮೊಬೈಲಿನಲ್ಲಿ ಇತರರು ಜೀಪಿನಲ್ಲಿ ಹೊಳೆ ದಾಟುವ ವಿಡಿಯೋ ನೋಡುತ್ತಾ ಮಲಗಿರುತ್ತಾನೆಂದು ಅವನ ಹೆಂಡತಿಯೇ ನನಗೆ ಹೇಳಿದ್ದಾಳೆ. ಅದೇ ಲೆಕ್ಕವನ್ನು ಹಿಡಿದರೆ ಮಗುವಿಗೆ ಕಥೆ ಹೇಳುವುದೂ ನಷ್ಟ, ತಾಯಿಗೆ ಎಣ್ಣೆ ತಿಕ್ಕುವುದೂ ನಷ್ಟ. ಸಂಬಳದ ತಕ್ಕಡಿಯಲ್ಲಿ ತೂಗದ ಗಂಟೆಗಳೂ ಇವೆ. ಹೋಗಲಿ, ಗಾಡಿಯನ್ನು ಅವನು ಕೊಂಡದ್ದಾದರೂ ಲೆಕ್ಕ ನೋಡಿಯೇ? ಬೆಂಗಳೂರಿನ ರಸ್ತೆಗೆ ನಾಲ್ಕು ಚಕ್ರದ ಬಲ ಯಾವ ಲೆಕ್ಕದಲ್ಲಿ ಬೇಕಾಯಿತು?

ಸರಿಯಾದ ಆಕ್ಷೇಪಗಳೂ ಇವೆ, ಅವನ್ನು ಒಪ್ಪುತ್ತೇನೆ. ವಾರಂಟಿ ಇರುವ ಹೊಸ ಗಾಡಿಯಾದರೆ ಕಂಪನಿಯ ಷರತ್ತಿನಂತೆಯೇ ಮಾಡಿಸಿ. ಪಕ್ಕದಲ್ಲಿ ನಿಂತು ನೋಡಲು ಷರತ್ತೇನೂ ಅಡ್ಡಬಾರದು. ಬಿಡುವುದಿಲ್ಲವೆಂದರೆ ಹಳೆಯ ಎಣ್ಣೆಯನ್ನು ಒಂದು ಬಾಟಲಿಯಲ್ಲಿ ತೋರಿಸಲು ಹೇಳಿ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಯಾರೂ ಯಾವ ಕಾರಣಕ್ಕೂ ಹೋಗಕೂಡದು. ಏರಿಸಲೇಬೇಕಾದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿಯೇ. ಬೆನ್ನುನೋವಿನವರು ದಯವಿಟ್ಟು ಮೊಮ್ಮಕ್ಕಳನ್ನು ಅಡಿಗೆ ಕಳಿಸಿ, ತಾವು ಹೊರಗೆ ಕುಳಿತು ಆಜ್ಞೆ ಮಾಡಲಿ. ಅದರಲ್ಲಿ ನಮಗೆಲ್ಲ ಅಭ್ಯಾಸವಿದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಎತ್ತಿದವರು ಮಾತ್ರ ಯಾರೂ ಇಲ್ಲ. ನಾನೇ ಎತ್ತುತ್ತೇನೆ. ತೆಗೆದ ಎಣ್ಣೆಯನ್ನು ಏನು ಮಾಡುತ್ತೀರಿ? ಒಂದೊಂದು ಹೌಸಿಂಗಿನಿಂದ ಒಂದರಿಂದ ಎರಡು ಲೀಟರಿನಷ್ಟು ಬರುತ್ತದೆ. ಮನೆಯಲ್ಲಿ ಬದಲಿಸುವವರಲ್ಲಿ ಅನೇಕರು ಅದನ್ನು ಚರಂಡಿಗೆ ಸುರಿಯುತ್ತಾರೆ, ಇಲ್ಲವೇ ತೆಂಗಿನ ಬುಡದ ಆಚೆ ಗುಂಡಿ ತೋಡಿ ಹಾಕುತ್ತಾರೆ. ಗೆದ್ದಲು ಹಿಡಿಯದಿರಲೆಂದು ಬೇಲಿಯ ಕಂಬಗಳಿಗೆ ಬಳಿಯುವುದು ನಮ್ಮ ಕಡೆ ಸಂಪ್ರದಾಯವೇ ಆಗಿಬಿಟ್ಟಿದೆ, ಮಿತವ್ಯಯವೆಂಬ ಹೆಮ್ಮೆ ಬೇರೆ. ನಮ್ಮ ಕಾಲ ಕೆಳಗಿನ ನೆಲ ಯಾವುದೆಂದು ಇವರು ಮರೆತಿದ್ದಾರೆ. ಮುರಕಲ್ಲು! ಬುಕಾನನ್ ಮಲಬಾರಿನಲ್ಲಿ ಕಂಡು 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದನ್ನೇ. ಮೈ ತುಂಬ ತೂತುಗಳಿರುವ ಕಲ್ಲು. ಮಳೆಯ ನೀರು ಆ ತೂತುಗಳಿಂದಲೇ ಇಳಿದು ನಮ್ಮ ಬಾವಿಗಳನ್ನು ತುಂಬಿಸುತ್ತದೆ. ಇಂದಿಗೂ ಈ ನಗರದ ಎಷ್ಟೋ ಕಂಪೌಂಡುಗಳಲ್ಲಿ ಬಾವಿಯಿದೆ, ಅದರ ನೀರನ್ನು ಕುಡಿಯುವವರಿದ್ದಾರೆ. ಜೂನ್ ತಿಂಗಳ ಮೊದಲ ಮಳೆಗೆ ನಿಮ್ಮ ಬೇಲಿ ಕಂಬದ ಎಣ್ಣೆ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ತಿಳಿಯಲು ಭೂಗರ್ಭಶಾಸ್ತ್ರ ಬೇಡ. ಚರಂಡಿಗೆ ಹೋದದ್ದು ಫಲ್ಗುಣಿಗೋ ನೇತ್ರಾವತಿಗೋ ಸೇರಿ ಅಳಿವೆಯ ಮೀನಿಗೆ ತಲುಪುತ್ತದೆ. ಆ ಮೀನು ಮರುದಿನ ಯಾರದೋ ಬಟ್ಟಲಿಗೆ.

ಸವೆದ ಲೋಹದ ಪುಡಿ, ಗಂಧಕ ರಂಜಕದ ಸಂಯುಕ್ತಗಳು ಎಲ್ಲ ಸೇರಿದ ಈ ದ್ರವವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಪಾಯಕಾರಿ ಎಂದೇ ಎಣಿಸುತ್ತವೆ. ಅದು ಹೋಗಬೇಕಾದದ್ದು ಪರವಾನಗಿ ಪಡೆದ ಮರುಸಂಸ್ಕರಣದವರ ಬಳಿಗೆ. ದೊಡ್ಡ ಗ್ಯಾರೇಜುಗಳಲ್ಲಿ ಬಳಸಿದ ಎಣ್ಣೆಯ ಪೀಪಾಯಿ ಇರುತ್ತದೆ, ಅದನ್ನು ಕೊಂಡೊಯ್ಯುವವರು ಬರುತ್ತಾರೆ. ಹೊಸ ಎಣ್ಣೆ ಬಂದ ಡಬ್ಬದಲ್ಲೇ ಹಳೆಯದನ್ನು ತುಂಬಿಸಿ, ಮುಚ್ಚಳ ಬಿಗಿದು, ಮೇಲೆ ದಪ್ಪಕ್ಷರದಲ್ಲಿ 'ಹಳೆ ಎಣ್ಣೆ' ಎಂದು ಬರೆದು ಅಲ್ಲಿಗೆ ಕೊಟ್ಟು ಬನ್ನಿ. ನೀರು, ಸೀಮೆಎಣ್ಣೆ, ಬ್ರೇಕ್ ಎಣ್ಣೆ ಯಾವುದನ್ನೂ ಅದಕ್ಕೆ ಬೆರೆಸಬೇಡಿ. ನೆಲಕ್ಕೆ ಬಿದ್ದ ಹನಿಗಳ ಮೇಲೆ ಮರ ಕೊಯ್ಯುವ ಮಿಲ್ಲಿನ ಹುಡಿ ಹಾಕಿ, ಹೀರಿದ ಮೇಲೆ ಗುಡಿಸಿ ಅದನ್ನೂ ಚೀಲದಲ್ಲಿ ಕಟ್ಟಿ ಡಬ್ಬದೊಡನೆ ಕೊಡಿ. ನೀರು ಸುರಿದು ತೊಳೆಯಬೇಡಿ. ಇಷ್ಟು ಮಾಡಲು ಒಲ್ಲದವನು ಎಣ್ಣೆಯನ್ನು ಮನೆಯಲ್ಲಿ ಬದಲಿಸಲೇಬಾರದು. ಅವನಿಗೆ ಮಾತ್ರ ನಾನೂ ಹೇಳುತ್ತೇನೆ, ಅದಕ್ಕೆ ಜನ ಇದ್ದಾರೆ, ಅವರ ಬಳಿಗೇ ಹೋಗು ಎಂದು.

ವಿದ್ಯುತ್ ಗಾಡಿಗಳು ಬಂದ ಮೇಲೆ ಇದೆಲ್ಲ ಇರುವುದಿಲ್ಲವಲ್ಲ ಎಂದು ನನ್ನ ಮೊಮ್ಮಗ ಕೇಳಿದ. ಎಂಜಿನ್ ಆಯಿಲ್ ಇರುವುದಿಲ್ಲ, ನಿಜ. ಆದರೆ ಮೋಟರಿನ ವೇಗವನ್ನು ಇಳಿಸುವ ಹಲ್ಲುಚಕ್ರಗಳೂ, ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲೂ ಹೆಚ್ಚಿನ ವಿದ್ಯುತ್ ಕಾರುಗಳಲ್ಲಿ ಇದ್ದೇ ಇವೆ, ಅವಕ್ಕೂ ಎಣ್ಣೆಯಿದೆ. ಪ್ರದಕ್ಷಿಣೆಯ ಲೆಕ್ಕ ಪೆಟ್ರೋಲಿಗೂ ವಿದ್ಯುತ್ತಿಗೂ ಒಂದೇ.

ಅಕ್ಕನ ಮಗನ ಗಾಡಿಯ ಎಣ್ಣೆಯನ್ನು ದೀಪಾವಳಿಯ ನಂತರದ ಎರಡನೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಅಂಗಳದಲ್ಲಿ ಬದಲಿಸುವುದಿದೆ. ಈ ಸಲವೂ ಬೋಲ್ಟು ಬಿಚ್ಚುವವನು ಅವನೇ. ನೋಡಬೇಕೆನ್ನುವವರು ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಗೋಣಿಚೀಲ ನಾನು ಕೊಡುತ್ತೇನೆ. ಹತ್ತು ಗಂಟೆಗೆ ನೀರುದೋಸೆ ಇದೆ. ಕೈ ತೊಳೆಯಲು ಬಾವಿಕಟ್ಟೆಯ ಹತ್ತಿರ ಹೋಗಕೂಡದು, ಬಚ್ಚಲಿನ ಬಳಿ ಸೀಗೆಪುಡಿ ಇಟ್ಟಿರುತ್ತೇನೆ. ಮೊದಲ ಬೆಂಚಿನವನಿಗೂ ಹೇಳಿ ಕಳಿಸಿದ್ದೇನೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.